ಕೋಡ್ ಸರಿ ಇದ್ದರೂ ಓಡುತ್ತಿಲ್ಲವೇ? ಬೇಸ್ ಇಮೇಜಿನಲ್ಲಿ ದೋಷ ಹುಡುಕುವ ಬಗೆ

ಫೈಲ್ ಕಣ್ಣೆದುರಿಗೇ ಇದೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟರೆ ಹೆಸರು ಕಾಣುತ್ತದೆ. ಓಡಿಸಲು ಪರ್ಮಿಷನ್ ಕೂಡ ಇದೆ. ಆದರೆ ಎಂಟರ್ ಒತ್ತಿದ ಕೂಡಲೇ 'ನಾಟ್ ಫೌಂಡ್' ಅನ್ನುತ್ತದೆ. ತಿಪಟೂರಿನಲ್ಲಿ ಕೂತು ಕೆಲಸ ಮಾಡುವ ನಮ್ಮ ಹುಡುಗ ಫೋನ್ ಮಾಡಿದ. "ಅಣ್ಣ, ಫೈಲ್ ಇದೆ, ಆದ್ರೂ ಇಲ್ಲ ಅಂತಿದೆ. ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದ. ಅವನು ಯಾವ ತಪ್ಪೂ ಮಾಡಿರಲಿಲ್ಲ. ತೊಂದರೆ ಇದ್ದದ್ದು ನಾನು ಆರಿಸಿಕೊಟ್ಟಿದ್ದ ಬೇಸ್ ಇಮೇಜಿನಲ್ಲಿ.

ನಮ್ಮದು ತುಮಕೂರಿನ ಒಂದು ಸಣ್ಣ ಗುಂಪು. ಕೊಬ್ಬರಿ ಮಂಡಿಗಳಿಗೆ ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ಕನ್ನಡದಲ್ಲೇ ಚೀಟಿ ತೆಗೆಯುವ ಪ್ರೋಗ್ರಾಂ ಬರೆಯುತ್ತೇವೆ. ಇಬ್ಬರು ತುಮಕೂರಿನಲ್ಲಿ, ಒಬ್ಬ ತಿಪಟೂರಿನಲ್ಲಿ, ಒಬ್ಬಳು ಗುಬ್ಬಿಯಲ್ಲಿ. ಎಲ್ಲರ ಲ್ಯಾಪ್‌ಟಾಪೂ ಹಳೆಯದು, 4 ಜಿಬಿ ರ್‍ಯಾಮಿನದು. ಹಾಗಾಗಿ ಕೋಡ್ ಬರೆಯುವುದು, ಓಡಿಸಿ ನೋಡುವುದು ಎಲ್ಲವೂ ಕ್ಲೌಡ್ ವರ್ಕ್‌ಸ್ಪೇಸಿನಲ್ಲಿ. ನಮ್ಮ ಕಡೆ ಒಂದು ಬ್ರೌಸರ್ ಇದ್ದರೆ ಸಾಕು. ಆ ವರ್ಕ್‌ಸ್ಪೇಸ್ ಅಂದರೆ ಒಂದು ಕಂಟೇನರ್, ಅಂದರೆ ತನ್ನದೇ ಫೈಲು, ಟೂಲುಗಳಿರುವ ಪ್ರತ್ಯೇಕ ಲಿನಕ್ಸ್ ಡಬ್ಬಿ. ಅದರ ತಳಪಾಯವೇ ಬೇಸ್ ಇಮೇಜ್, ಅಂದರೆ ಡಾಕರ್‌ಫೈಲಿನ (ಕಂಟೇನರನ್ನು ಹೇಗೆ ಕಟ್ಟಬೇಕು ಎಂದು ಬರೆದ ಫೈಲಿನ) ಮೊದಲ ಸಾಲಿನಲ್ಲಿ 'ಫ್ರಮ್' ಆದಮೇಲೆ ಬರುವ ಹೆಸರು. ಆ ಒಂದು ಸಾಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲರೂ ತಮ್ಮ ಕೋಡನ್ನೇ ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ.

ನಾನು ಆರಿಸಿದ್ದು ಆಲ್ಪೈನ್ ಎಂಬ ಲಿನಕ್ಸ್. ಕಾರಣ ಒಂದೇ, ಅದು ತುಂಬಾ ಚಿಕ್ಕದು. ಬರೀ ಆಲ್ಪೈನ್ ಇಮೇಜ್ 10 ಎಂಬಿ ಕೂಡ ಆಗುವುದಿಲ್ಲ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಇಮೇಜ್ ಡಿಸ್ಕಿನ ಮೇಲೆ 100 ಎಂಬಿ ದಾಟುತ್ತದೆ. ಸರ್ವರಿನಲ್ಲಿ ಒಂದೇ ಪ್ರೋಗ್ರಾಂ ಓಡಿಸಲು ಚಿಕ್ಕದು ಒಳ್ಳೆಯದೇ. ಆದರೆ ಕೆಲಸ ಮಾಡುವ ಜಾಗವೇ ಬೇರೆ. ಅಲ್ಲಿ ಎಡಿಟರ್ ಓಡಬೇಕು, ಗಿಟ್ ಬೇಕು, ಡೀಬಗರ್ ಬೇಕು, ನಾಳೆ ಯಾರೋ ಇನ್ನೊಂದು ಟೂಲ್ ಹಾಕಬೇಕು. ಅದರೊಳಗೆ ಯಾರು ಇರುತ್ತಾರೆ, ಏನೇನು ಓಡಿಸುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು. ಸೈಜ್ ಆಮೇಲೆ.

ಮೊದಲು ಎರಡು ನಿಮಿಷ: ನಾವು ಎಲ್ಲಿದ್ದೇವೆ?

ಯಾವ ದೋಷವೇ ಇರಲಿ, ಕೋಡ್ ಮುಟ್ಟುವ ಮೊದಲು ವರ್ಕ್‌ಸ್ಪೇಸಿನ ಟರ್ಮಿನಲ್ ತೆರೆದು ಕೆಲವು ವಿಷಯ ಬರೆದಿಟ್ಟುಕೊಳ್ಳಿ. ಇಟಿಸಿ ಫೋಲ್ಡರಿನ ಓಎಸ್-ರಿಲೀಸ್ ಫೈಲನ್ನು ಕ್ಯಾಟ್ ಮಾಡಿದರೆ ಯಾವ ಲಿನಕ್ಸ್, ಎಷ್ಟನೇ ಆವೃತ್ತಿ ಎಂದು ಗೊತ್ತಾಗುತ್ತದೆ. ಎಲ್‌ಡಿಡಿ ಕಮಾಂಡಿಗೆ ವರ್ಶನ್ ಆಪ್ಷನ್ ಕೊಟ್ಟರೆ ಸಿ ಲೈಬ್ರರಿ (ಬಹುತೇಕ ಪ್ರೋಗ್ರಾಮುಗಳು ಓಡಲು ನೆಚ್ಚಿಕೊಳ್ಳುವ ಮೂಲ ಲೈಬ್ರರಿ) ಯಾವುದು ಎಂದು ಹೇಳುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಜಿಲಿಬ್‌ಸಿ ಎಂದೂ ಅದರ ನಂಬರೂ ಬರುತ್ತದೆ. ಆಲ್ಪೈನ್‌ನಲ್ಲಿ ಮಸಲ್ ಎಂದು ಬರುತ್ತದೆ. ಯುನೇಮ್‌ಗೆ ಎಂ ಆಪ್ಷನ್ ಕೊಟ್ಟರೆ ಪ್ರೊಸೆಸರ್ ಯಾವ ಜಾತಿಯದು ಎಂದು ತಿಳಿಯುತ್ತದೆ. ಐಡಿ ಎಂದು ಕೊಟ್ಟರೆ ನಾವು ಯಾವ ಯೂಸರ್, ನಂಬರ್ ಎಷ್ಟು ಎಂಬುದು. ಲೊಕೇಲ್ ಎಂದರೆ ಅಕ್ಷರಗಳ ಸೆಟ್ಟಿಂಗ್. ಡೇಟ್ ಎಂದರೆ ಗಡಿಯಾರ.

ಇಷ್ಟನ್ನೂ ಒಂದು ಚಿಕ್ಕ ಸ್ಕ್ರಿಪ್ಟಿನಲ್ಲಿ ಹಾಕಿಟ್ಟುಕೊಂಡಿದ್ದೇವೆ. ನಮ್ಮಲ್ಲಿ ಯಾರಾದರೂ 'ಕೆಲಸ ಆಗ್ತಿಲ್ಲ' ಎಂದು ಮೆಸೇಜ್ ಹಾಕಿದರೆ, ಮೊದಲು ಈ ಸ್ಕ್ರಿಪ್ಟ್ ಏನು ತೋರಿಸುತ್ತದೆ ಅನ್ನುವುದನ್ನು ಕಳಿಸಬೇಕು. ಅರ್ಧಕ್ಕಿಂತ ಜಾಸ್ತಿ ಸಲ ಉತ್ತರ ಅದರಲ್ಲೇ ಇರುತ್ತದೆ.

ಫೈಲ್ ಇದೆ, ಆದರೂ 'ಇಲ್ಲ' ಅನ್ನುತ್ತದೆ

ತಿಪಟೂರಿನ ಹುಡುಗನಿಗೆ ಬಂದದ್ದು ಇದೇ. ಒಂದು ಟೂಲನ್ನು ಡೌನ್‌ಲೋಡ್ ಮಾಡಿ, ಬಿಚ್ಚಿ, ಓಡಿಸಲು ಹೋಗಿದ್ದ.

ಲಿನಕ್ಸಿನಲ್ಲಿ ಇಂಥ ಪ್ರೋಗ್ರಾಮುಗಳು ಸಾಮಾನ್ಯವಾಗಿ ತಾವಾಗಿ ಏಳುವುದಿಲ್ಲ. ಫೈಲಿನೊಳಗೆ 'ನನ್ನನ್ನು ಈ ಲೋಡರ್ ಮೂಲಕ ಎಬ್ಬಿಸಿ' ಎಂದು ಒಂದು ವಿಳಾಸ ಬರೆದಿರುತ್ತದೆ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ತಯಾರಾದ ಪ್ರೋಗ್ರಾಮಿನಲ್ಲಿ ಎಲ್‌ಡಿ-ಲಿನಕ್ಸ್ ಎಂಬ ಲೋಡರಿನ ವಿಳಾಸ ಇರುತ್ತದೆ, ಅದು ಜಿಲಿಬ್‌ಸಿಗೆ ಸೇರಿದ್ದು. ಆಲ್ಪೈನ್‌ನಲ್ಲಿ ಇರುವುದು ಎಲ್‌ಡಿ-ಮಸಲ್. ಕರ್ನಲ್ ಆ ವಿಳಾಸಕ್ಕೆ ಹೋಗಿ ನೋಡುತ್ತದೆ. ಅಲ್ಲಿ ಯಾರೂ ಇಲ್ಲ. ವಾಪಸ್ ಬಂದು 'ಇಲ್ಲ' ಅನ್ನುತ್ತದೆ. ಅದು ಇಲ್ಲ ಅಂದದ್ದು ಲೋಡರನ್ನು. ನಾವು ಓದಿಕೊಳ್ಳುವುದು ನಮ್ಮ ಫೈಲೇ ಇಲ್ಲ ಎಂದು.

ಖಚಿತ ಮಾಡಿಕೊಳ್ಳಲು ಆ ಫೈಲಿನ ಮೇಲೆ ಎಲ್‌ಡಿಡಿ ಓಡಿಸಿ. ಆಲ್ಪೈನ್‌ನಲ್ಲಿ ಎಲ್‌ಡಿ-ಲಿನಕ್ಸ್ ಸಿಗಲಿಲ್ಲ ಎಂದು ಹೆಸರು ಹಿಡಿದು ಹೇಳಿದರೆ ಮುಗಿಯಿತು, ಬೇಸ್ ಇಮೇಜೇ ಕಾರಣ.

ಆದರೆ ಇದೇ ಎರರ್ ಇನ್ನೆರಡು ಕಾರಣಕ್ಕೂ ಬರುತ್ತದೆ. ಅವಸರದಲ್ಲಿ ಬೇಸ್ ಬದಲಿಸಬೇಡಿ. ಓಡಿಸುತ್ತಿರುವುದು ಶೆಲ್ ಸ್ಕ್ರಿಪ್ಟ್ ಆಗಿದ್ದರೆ ಅದರ ಮೊದಲ ಸಾಲು ನೋಡಿ. ಅಲ್ಲಿ ಬ್ಯಾಶ್ ಎಂದಿದ್ದು, ಇಮೇಜಿನಲ್ಲಿ ಬ್ಯಾಶೇ ಇಲ್ಲದಿದ್ದರೆ ಇದೇ ಮಾತು ಬರುತ್ತದೆ. ಆಲ್ಪೈನ್‌ನಲ್ಲಿ ಇರುವುದು ಬಿಝಿಬಾಕ್ಸಿನ ಆ್ಯಶ್ ಶೆಲ್. ಬ್ಯಾಶನ್ನು ನಾವೇ ಹಾಕಿಕೊಳ್ಳಬೇಕು. ಇನ್ನೊಂದು ಕಾರಣ ವಿಂಡೋಸ್. ಸ್ಕ್ರಿಪ್ಟನ್ನು ವಿಂಡೋಸಿನಲ್ಲಿ ಸೇವ್ ಮಾಡಿದ್ದರೆ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿರುತ್ತದೆ. ಲಿನಕ್ಸ್ ಅದನ್ನೂ ಶೆಲ್ಲಿನ ಹೆಸರಿನ ಭಾಗ ಎಂದೇ ತಿಳಿಯುತ್ತದೆ. ಕ್ಯಾಟ್‌ಗೆ ದೊಡ್ಡ ಎ ಆಪ್ಷನ್ ಕೊಟ್ಟು ನೋಡಿದರೆ ಪ್ರತಿ ಸಾಲಿನ ಕೊನೆಗೆ ಟೋಪಿ ಚಿಹ್ನೆಯೂ ಎಂ ಅಕ್ಷರವೂ ಕಾಣುತ್ತದೆ. ಇದು ಎಡಿಟರಿನ ಸೆಟ್ಟಿಂಗ್ ಸರಿ ಮಾಡಿದರೆ ಹೋಗುವ ತೊಂದರೆ. ಬೇಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಆಲ್ಪೈನ್‌ನಲ್ಲಿ ಜಿಕಾಂಪ್ಯಾಟ್ ಎಂಬ ಪ್ಯಾಕೇಜ್ ಇದೆ. ಜಿಲಿಬ್‌ಸಿಗಾಗಿ ಬರೆದ ಪ್ರೋಗ್ರಾಮನ್ನು ಮಸಲ್ ಮೇಲೆ ಓಡಿಸಲು ಅದು ಸಹಾಯ ಮಾಡುತ್ತದೆ. ಕೆಲವು ಓಡುತ್ತವೆ. ಕೆಲವು ಅರ್ಧ ಓಡಿ ನಿಂತುಬಿಡುತ್ತವೆ. ವರ್ಕ್‌ಸ್ಪೇಸಿಗೆ ಅದನ್ನು ನೆಚ್ಚಿಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಡಿಟರಿನ ಎಕ್ಸ್‌ಟೆನ್ಷನ್‌ಗಳಲ್ಲೂ ಇದೇ ಕಥೆ. ವಿಎಸ್ ಕೋಡ್ ಎಡಿಟರ್ ಆಲ್ಪೈನ್ ಕಂಟೇನರಿನಲ್ಲಿ ತೆರೆದುಕೊಳ್ಳುತ್ತದೆ. ಆದರೆ ಕೆಲವು ಎಕ್ಸ್‌ಟೆನ್ಷನ್‌ಗಳ ಒಳಗೆ ಜಿಲಿಬ್‌ಸಿ ಬೇಡುವ ಪ್ರೋಗ್ರಾಂ ಇರುತ್ತದೆ. ಅವು ಮಾತ್ರ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತವೆ. ಎಡಿಟರ್ ತೆರೆದುಕೊಂಡಿತಲ್ಲ ಎಂದು ನಾವು ಬೇಸ್ ಸರಿ ಇದೆ ಅಂದುಕೊಳ್ಳುತ್ತೇವೆ.

ಪಿಪ್ ಇನ್‌ಸ್ಟಾಲ್ ಮುಗಿಯುವುದೇ ಇಲ್ಲ

ಕಾಫಿ ಕುಡಿದು ಬಂದರೂ ಇನ್ನೂ ಓಡುತ್ತಿದೆ. ಲಾಗ್ ನೋಡಿ. 'ಡೌನ್‌ಲೋಡಿಂಗ್' ಆದಮೇಲೆ 'ಬಿಲ್ಡಿಂಗ್ ವೀಲ್' ಎಂಬ ಸಾಲಿನಲ್ಲಿ ನಿಂತಿದೆಯೇ? ಹಾಗಿದ್ದರೆ ಪೈಥಾನ್ ಪ್ಯಾಕೇಜು ತಂದು ಹಾಕುವ ಟೂಲ್ ಆದ ಪಿಪ್ ಆ ಪ್ಯಾಕೇಜನ್ನು ಮೂಲ ಕೋಡಿನಿಂದ ಕಟ್ಟುತ್ತಿದೆ.

ಪೈಥಾನ್ ಪ್ಯಾಕೇಜುಗಳು ಸಾಮಾನ್ಯವಾಗಿ ಕಟ್ಟಿ ಸಿದ್ಧವಾದ ವೀಲ್ ರೂಪದಲ್ಲಿ ಸಿಗುತ್ತವೆ. ಜಿಲಿಬ್‌ಸಿ ಇರುವ ಲಿನಕ್ಸ್‌ಗಳಿಗೆ ಮೆನಿಲಿನಕ್ಸ್ ಎಂಬ ಗುರುತಿನ ವೀಲ್‌ಗಳು 2016ರಿಂದಲೇ ಇವೆ. ಮಸಲ್‌ಗೆ ಅಂಥ ಗುರುತು ಬಂದದ್ದು 2021ರಲ್ಲಿ. ಈಗ ದೊಡ್ಡ ಪ್ಯಾಕೇಜುಗಳು ಎರಡನ್ನೂ ಕೊಡುತ್ತವೆ. ಆದರೆ ಹಳೆಯ ಆವೃತ್ತಿಗಳಿಗೆ, ಸಣ್ಣ ಪ್ಯಾಕೇಜುಗಳಿಗೆ ಮಸಲ್ ವೀಲ್ ಸಿಗದೇ ಇರಬಹುದು. ಆಗ ಪಿಪ್‌ಗೆ ಕಂಪೈಲರ್ ಬೇಕು, ಹೆಡರ್ ಫೈಲ್ ಬೇಕು, ಜೊತೆಗೆ ಸಮಯ ಬೇಕು. ಜಿಸಿಸಿ, ಅದರ ಹೆಡರ್‌ಗಳು ಎಂದು ಒಂದೊಂದೇ ಹಾಕುತ್ತಾ ಹೋದರೆ ಚಿಕ್ಕದು ಎಂದು ತಂದ ಇಮೇಜ್ ಉಬ್ಬಿಕೊಳ್ಳುತ್ತದೆ. ಕೊನೆಗೆ ಸೈಜೂ ಉಳಿಯಲಿಲ್ಲ, ಸಮಯವೂ ಉಳಿಯಲಿಲ್ಲ.

ಪೈಥಾನಿನ ಅಧಿಕೃತ ಇಮೇಜಿನಲ್ಲೇ ಮೂರು ಬಗೆ ಇದೆ. ಪೂರ್ತಿ ಇಮೇಜ್ ಡಿಸ್ಕಿನಲ್ಲಿ ಸುಮಾರು 1 ಜಿಬಿ. ಅದರಲ್ಲಿ ಜಿಸಿಸಿ, ಗಿಟ್ ಎಲ್ಲ ಬರುತ್ತವೆ. ಸ್ಲಿಮ್ ಅದರ ಏಳನೇ ಒಂದು ಭಾಗದ ಆಸುಪಾಸು. ಆಲ್ಪೈನ್ ಇನ್ನೂ ಚಿಕ್ಕದು. ಪೂರ್ತಿಯೂ ಸ್ಲಿಮ್ಮೂ ಡೆಬಿಯನ್ ಮೇಲೆ ನಿಂತಿವೆ, ಹಾಗಾಗಿ ಲೈಬ್ರರಿ ಒಂದೇ. ಇದು ದೊಡ್ಡ ಅನುಕೂಲ. ವರ್ಕ್‌ಸ್ಪೇಸಿಗೆ ಪೂರ್ತಿ ಇಮೇಜ್, ಸರ್ವರಿಗೆ ಸ್ಲಿಮ್. ಮನೆತನ ಒಂದೇ ಆದ್ದರಿಂದ ಇಲ್ಲಿ ಓಡಿದ್ದು ಅಲ್ಲಿ ಓಡದೆ ಹೋಗುವುದು ಅಪರೂಪ.

ಸ್ಲಿಮ್ಮನ್ನೇ ವರ್ಕ್‌ಸ್ಪೇಸಿಗೆ ಹಾಕಿದರೆ ಬೇರೆ ತರಹದ ಕಿರಿಕಿರಿ. ಗಿಟ್ ಇಲ್ಲ, ಕರ್ಲ್ ಇಲ್ಲ, ಪಿಎಸ್ ಕೂಡ ಇಲ್ಲ. 'ಕಮಾಂಡ್ ನಾಟ್ ಫೌಂಡ್' ಎಂದು ಬಂದಾಗೆಲ್ಲ ಗಾಬರಿಯಾಗಬೇಡಿ. ಅದು ದೋಷವಲ್ಲ, ಸ್ಲಿಮ್ ಇರುವುದೇ ಹಾಗೆ. ಪಿಎಸ್ ಬೇಕಾದರೆ ಪ್ರೋಕ್‌ಪಿಎಸ್ ಎಂಬ ಪ್ಯಾಕೇಜ್ ಹಾಕಬೇಕು.

ಜಿಲಿಬ್‌ಸಿ ಇದೆ, ಆದರೆ ವರ್ಶನ್ ಸಾಲದು

ಎರರಿನಲ್ಲಿ 'ಜಿಲಿಬ್‌ಸಿ 2.34 ನಾಟ್ ಫೌಂಡ್' ಎಂಬಂಥ ಸಾಲು ಬಂದರೆ ಖುಷಿಪಡಿ. ಕಾಯಿಲೆಯ ಹೆಸರನ್ನು ಅದೇ ಹೇಳಿಬಿಟ್ಟಿದೆ. ಹಳೆಯ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಖಾತರಿ ಇಲ್ಲ. ದಾರಿ ಒಂದೇ ಕಡೆಗೆ.

ಕೈಯಲ್ಲಿ ಇಟ್ಟುಕೊಳ್ಳಲು ಕೆಲವು ನಂಬರ್: ಸೆಂಟ್‌ಓಎಸ್ 7ರಲ್ಲಿ 2.17, ಉಬುಂಟು 18.04ರಲ್ಲಿ 2.27, ಡೆಬಿಯನ್ 10ರಲ್ಲಿ 2.28. ಉಬುಂಟು 20.04 ಮತ್ತು ಡೆಬಿಯನ್ 11 ಎರಡರಲ್ಲೂ 2.31. ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. 2024ರ ಆರಂಭದಲ್ಲಿ ಬಂದ ವಿಎಸ್ ಕೋಡ್ 1.86ರಿಂದ ಅದರ ಸರ್ವರ್ ಭಾಗಕ್ಕೆ ಕನಿಷ್ಠ 2.28 ಬೇಕಾಯಿತು. ಉಬುಂಟು 18.04 ಒಂದೇ ಮೆಟ್ಟಿಲು ಕಡಿಮೆ ಬಿತ್ತು. ಹಳೆಯ ಬೇಸ್ ಇಟ್ಟುಕೊಂಡಿದ್ದವರ ಎಡಿಟರ್ ಹೊಸ ಅಪ್‌ಡೇಟ್ ಬಂದ ಮೇಲೆ ಏಕಾಏಕಿ ಕನೆಕ್ಟ್ ಆಗದೆ ಹೋದದ್ದಕ್ಕೆ ಇದೇ ಕಾರಣ.

ನಿನ್ನೆ ನಡೆಯಿತು, ಇವತ್ತು ಇಲ್ಲ

ಯಾರೂ ಏನೂ ಮುಟ್ಟಿಲ್ಲ. ವರ್ಕ್‌ಸ್ಪೇಸನ್ನು ಹೊಸದಾಗಿ ಕಟ್ಟಿದ್ದು ಅಷ್ಟೇ. ಆಗ ಫ್ರಮ್ ಸಾಲಿನ ಟ್ಯಾಗ್ (ಇಮೇಜ್ ಹೆಸರಿನ ಮುಂದೆ ಬರುವ ಆವೃತ್ತಿಯ ಗುರುತು) ನೋಡಿ. 'ಲೇಟೆಸ್ಟ್' ಎಂದಿದ್ದರೆ, ಅಥವಾ ಸುಮ್ನೆ 'ಸ್ಲಿಮ್' ಎಂದಿದ್ದರೆ, ಆ ಹೆಸರಿನ ಹಿಂದಿನ ಇಮೇಜ್ ಬದಲಾಗಿರಬಹುದು. 2023ರ ಜೂನ್‌ನಲ್ಲಿ ಡೆಬಿಯನ್ 12 ಬಿಡುಗಡೆಯಾದಾಗ ಹೀಗೇ ಆಯಿತು. ಪೈಥಾನಿನ ಸ್ಲಿಮ್ ಟ್ಯಾಗ್ ಡೆಬಿಯನ್ 11ರಿಂದ 12ಕ್ಕೆ ಜಾರಿತು. ಓಪನ್‌ಎಸ್‌ಎಸ್‌ಎಲ್ 1.1 ಹೋಗಿ 3 ಬಂತು. ಹಳೆಯದನ್ನು ಹುಡುಕುತ್ತಿದ್ದ ಪ್ರೋಗ್ರಾಮುಗಳು ನಿಂತವು.

ಪರಿಹಾರ ಸುಲಭ. ಟ್ಯಾಗಿನಲ್ಲಿ ಡೆಬಿಯನ್ ಬಿಡುಗಡೆಯ ಹೆಸರನ್ನೂ ಬರೆಯಿರಿ. 'ಸ್ಲಿಮ್' ಬದಲು 'ಸ್ಲಿಮ್-ಬುಕ್‌ವರ್ಮ್' ಎಂದಿದ್ದರೆ ಅದು 12ರಲ್ಲೇ ಉಳಿಯುತ್ತದೆ. ಇನ್ನೂ ಗಟ್ಟಿ ಬೇಕಿದ್ದರೆ ಇಮೇಜಿನ ಡೈಜೆಸ್ಟ್, ಅಂದರೆ ಆ ಒಂದು ಇಮೇಜಿಗೇ ಸೇರಿದ ಉದ್ದದ ಗುರುತು, ಬರೆಯಿರಿ. ಆಗ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಆದರೆ ಸೆಕ್ಯುರಿಟಿ ಅಪ್‌ಡೇಟೂ ತಾನಾಗಿ ಬರುವುದಿಲ್ಲ. ತಿಂಗಳಿಗೊಮ್ಮೆ ನಾವೇ ಬದಲಿಸಬೇಕು. ನಮ್ಮಲ್ಲಿ ಗುಬ್ಬಿಯ ಸಹೋದ್ಯೋಗಿ ಆ ಕೆಲಸ ನೋಡಿಕೊಳ್ಳುತ್ತಾಳೆ.

ಇದಕ್ಕೆ ತದ್ವಿರುದ್ಧ ದೋಷವೂ ಇದೆ. ಬೇಸ್ ಗಟ್ಟಿಯಾಗಿ ಹಿಡಿದಿದ್ದೀರಿ, ಆದರೆ ಅದು ತುಂಬಾ ಹಳೆಯದಾಗಿದೆ. ಆಪ್ಟ್ ಅಪ್‌ಡೇಟ್ 404 ಅನ್ನುತ್ತದೆ. ಇಲ್ಲಿ 404 ಯಾವುದಕ್ಕೆ ಬಂತು ಅನ್ನುವುದನ್ನು ಗಮನವಿಟ್ಟು ಓದಿ. 'ರಿಲೀಸ್ ಫೈಲ್ ಇಲ್ಲ' ಎಂದಿದ್ದರೆ ಆ ಡೆಬಿಯನ್ ಆವೃತ್ತಿಯ ಆಯಸ್ಸು ಮುಗಿದಿದೆ, ಅದರ ಪ್ಯಾಕೇಜುಗಳನ್ನು ಆರ್ಕೈವ್ ಸರ್ವರಿಗೆ ಸಾಗಿಸಿದ್ದಾರೆ. ಹೊಸ ಬೇಸ್‌ಗೆ ಹೋಗುವುದೇ ದಾರಿ. ಯಾವುದೋ ಒಂದು ಪ್ಯಾಕೇಜ್ ಫೈಲಿಗೆ ಮಾತ್ರ 404 ಬಂದರೆ ಬೇಸ್ ತಪ್ಪಲ್ಲ. ಡಾಕರ್‌ಫೈಲಿನಲ್ಲಿ ಅಪ್‌ಡೇಟ್ ಒಂದು ರನ್ ಸಾಲಿನಲ್ಲಿ, ಇನ್‌ಸ್ಟಾಲ್ ಇನ್ನೊಂದು ರನ್ ಸಾಲಿನಲ್ಲಿ ಇದೆ. ಮೊದಲನೆಯದು ಹಳೆಯ ಕ್ಯಾಶ್‌ನಿಂದ ಬಂದಿದೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಿ, ಸರಿಹೋಗುತ್ತದೆ.

ಇಮೇಜ್ ಇಳಿಯುವುದೇ ಇಲ್ಲ, 'ಟೂ ಮೆನಿ ರಿಕ್ವೆಸ್ಟ್ಸ್' ಎಂದು ಬರುತ್ತದೆ ಅಂದರೆ ಅದು ಬೇಸ್ ದೋಷವಲ್ಲ. ಇಮೇಜುಗಳ ಭಂಡಾರವಾದ ಡಾಕರ್ ಹಬ್ 2020ರ ನವೆಂಬರಿನಿಂದ ಲಾಗಿನ್ ಇಲ್ಲದೆ ಇಳಿಸಿಕೊಳ್ಳುವುದಕ್ಕೆ ಮಿತಿ ಹಾಕಿತು. ಆ ಮಿತಿ ಐಪಿ ವಿಳಾಸದ ಲೆಕ್ಕದಲ್ಲಿ. ಕಾಲೇಜು ಲ್ಯಾಬಿನಲ್ಲಿ ಅಷ್ಟೂ ಮಕ್ಕಳು ಒಂದೇ ಐಪಿಯ ಹಿಂದೆ ಕೂತಿರುತ್ತಾರೆ, ಮಿತಿ ಬೇಗ ಮುಗಿಯುತ್ತದೆ. ಎಲ್ಲರೂ ಲಾಗಿನ್ ಆಗಿ ಎಳೆದುಕೊಳ್ಳಲಿ.

ಚೀಟಿಯಲ್ಲಿ ಕನ್ನಡದ ಬದಲು ಚೌಕ ಬಂದರೆ

ನನಗೆ ಅತಿ ಜಾಸ್ತಿ ಹತ್ತಿರದ ದೋಷ ಇದು, ಯಾಕೆಂದರೆ ನಮ್ಮ ಕೆಲಸವೇ ಕನ್ನಡದ ಚೀಟಿ. ಬೇಸ್ ಆರಿಸುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಇಂಗ್ಲಿಷ್ ಸರಿಯಾಗಿ ಬರುತ್ತದೆ, ಅಂಕಿಗಳು ಬರುತ್ತವೆ. ಕನ್ನಡ ಇರಬೇಕಾದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು. ರೈತನ ಹೆಸರಿನ ಜಾಗದಲ್ಲಿ ಐದು ಚೌಕ, ಊರಿನ ಜಾಗದಲ್ಲಿ ಆರು ಚೌಕ. ಆ ಚೀಟಿಯನ್ನು ಯಾರ ಕೈಗೂ ಕೊಡಲಾಗುವುದಿಲ್ಲ.

ಇಲ್ಲಿ ಮೂರು ಬೇರೆ ಬೇರೆ ದೋಷ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನಾವು ಪರೀಕ್ಷೆಗೆ 'ಕೊಬ್ಬರಿ ವರ್ತಕ' ಎಂಬ ಎರಡು ಪದ ಇಟ್ಟುಕೊಂಡಿದ್ದೇವೆ. 'ಬ್ಬ'ದಲ್ಲಿ ಒತ್ತಕ್ಷರ ಇದೆ, 'ರ್ತ'ದಲ್ಲಿ ಅರ್ಕಾವೊತ್ತು ಇದೆ. ಎರಡೂ ಸರಿಯಾಗಿ ಬಂದರೆ ಉಳಿದದ್ದೂ ಬಹುತೇಕ ಬರುತ್ತದೆ.

ಚೌಕ ಬಂದರೆ ಫಾಂಟ್ ಇಲ್ಲ ಎಂದು ಅರ್ಥ. ಬೇಸ್ ಇಮೇಜುಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಚಿಕ್ಕವುಗಳಲ್ಲಿ ಯಾವ ಫಾಂಟೂ ಇರುವುದಿಲ್ಲ. ಎಫ್‌ಸಿ-ಲಿಸ್ಟ್ ಕಮಾಂಡಿಗೆ ಭಾಷೆ ಕೆಎನ್ ಎಂದು ಕೊಟ್ಟು ನೋಡಿ. ಏನೂ ಬರದಿದ್ದರೆ ಉತ್ತರ ಸಿಕ್ಕಿತು. ಆ ಕಮಾಂಡೇ ಇಲ್ಲ ಅಂದರೆ ಫಾಂಟ್‌ಕಾನ್ಫಿಗ್ ಪ್ಯಾಕೇಜೂ ಬೇಕು. ಡೆಬಿಯನ್, ಉಬುಂಟುವಿನಲ್ಲಿ ಕನ್ನಡ ಫಾಂಟುಗಳಿಗೆಂದೇ ಫಾಂಟ್ಸ್-ಕೆಎನ್‌ಡಿಎ ಎಂಬ ಒಟ್ಟು ಪ್ಯಾಕೇಜ್ ಇದೆ. ಅದನ್ನು ಹಾಕಿದರೆ ಲೋಹಿತ್ ಕನ್ನಡ, ನವಿಲು, ಗುಬ್ಬಿ ಎಂಬ ಫಾಂಟುಗಳು ಬರುತ್ತವೆ. ಗುಬ್ಬಿ ಅಂದರೆ ಹಕ್ಕಿಯ ಹೆಸರು ನಿಜ, ಆದರೆ ಗುಬ್ಬಿ ತಾಲ್ಲೂಕಿನ ನಮ್ಮ ಸಹೋದ್ಯೋಗಿ ಇನ್‌ಸ್ಟಾಲ್ ಲಾಗಿನಲ್ಲಿ ತನ್ನೂರಿನ ಹೆಸರು ಹಾದುಹೋಗುವುದನ್ನು ಕಂಡು ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಕಳಿಸಿದ್ದಳು.

ಚೌಕದ ಬದಲು ಪ್ರಶ್ನೆ ಚಿಹ್ನೆ ಬಂದರೆ, ಅಥವಾ ಟರ್ಮಿನಲ್‌ನಲ್ಲಿ ಕನ್ನಡ ಹೆಸರಿನ ಫೈಲ್ ಬರೀ ಅಂಕಿಗಳಾಗಿ ಕಂಡರೆ, ಅದು ಲೊಕೇಲ್ ದೋಷ. ಡೆಬಿಯನ್ ಬೇಸ್‌ನಲ್ಲಿ ಲೊಕೇಲ್ ಸೆಟ್ ಆಗಿರುವುದಿಲ್ಲ, ಹಾಗಾಗಿ ಎಲ್‌ಎಸ್‌ಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಕಾಗುಣಿತದ ಒಂದೊಂದು ಗುರುತಿಗೂ 3 ಬೈಟ್ ಬೇಕು. 'ಕ' ಅನ್ನುವುದು ಆಕ್ಟಲ್ (ಎಂಟರ) ಲೆಕ್ಕದಲ್ಲಿ 340, 262, 225 ಎಂದು ಕಾಣುತ್ತದೆ. ಹೆಸರಿನ ತುಂಬ 340, 262, 340, 263 ಎಂದು ಮರುಕಳಿಸುತ್ತಿದ್ದರೆ ಅದು ಕನ್ನಡವೇ, ಹಾಳಾಗಿಲ್ಲ, ಓದಲು ಬರುತ್ತಿಲ್ಲ ಅಷ್ಟೇ. ಲ್ಯಾಂಗ್ ಎಂಬ ವೇರಿಯಬಲ್‌ಗೆ ಸಿ ಡಾಟ್ ಯುಟಿಎಫ್-8 ಎಂದು ಡಾಕರ್‌ಫೈಲಿನಲ್ಲಿ ಕೊಟ್ಟರೆ ಹೆಸರು ಮತ್ತೆ ಕನ್ನಡವಾಗುತ್ತದೆ. ದಯವಿಟ್ಟು ಆ ಫೈಲುಗಳನ್ನು ಕರಪ್ಟ್ ಆಗಿವೆ ಎಂದು ಅಳಿಸಬೇಡಿ.

ಮೂರನೆಯದು, ಅಕ್ಷರ ಬಂದಿದೆ ಆದರೆ ಒತ್ತು ಕೆಳಗೆ ಕೂತಿಲ್ಲ. 'ಬ', ಅದರ ಪಕ್ಕ ಹಲಂತದ ಗುರುತು, ಆಮೇಲೆ ಇನ್ನೊಂದು 'ಬ' ಎಂದು ಬಿಡಿಬಿಡಿಯಾಗಿ ಬಂದಿದೆ. ಇದಕ್ಕೆ ಬೇಸ್ ಬದಲಿಸಿ ಪ್ರಯೋಜನವಿಲ್ಲ. ಪಿಡಿಎಫ್ ಮಾಡುವ ಲೈಬ್ರರಿಗೆ ಅಕ್ಷರ ಜೋಡಿಸಲು ಬರುವುದಿಲ್ಲ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಳಸುವ ಲೈಬ್ರರಿಗೆ ಹೋಗಬೇಕು, ಅಥವಾ ಕ್ರೋಮಿಯಂ ಮೂಲಕ ಪಿಡಿಎಫ್ ತೆಗೆಯಬೇಕು. ನಾವು ಎರಡನೆಯದನ್ನು ಮಾಡಿದೆವು.

ಐದೂವರೆ ಗಂಟೆಯ ವ್ಯತ್ಯಾಸ

ಬೆಳಿಗ್ಗೆ 10ಕ್ಕೆ ತೆಗೆದ ಚೀಟಿಯಲ್ಲಿ 4:30 ಎಂದು ಬಂದರೆ ಕಂಟೇನರಿನ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿದೆ. ಇದು ಎಲ್ಲ ಬೇಸ್‌ಗಳಲ್ಲೂ ಹಾಗೆಯೇ. ಬೆಳಗಿನ ಜಾವ 5 ಗಂಟೆಗೆ ಹಾಕಿದ ನಮೂದು ಹಿಂದಿನ ದಿನದ ತಾರೀಕಿಗೆ ಹೋಗಿಬಿಡುತ್ತದೆ, ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ಸಮಯ ವಲಯ ಹೇಳುವ ಟೀಜೆಡ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತಾ ಕೊಟ್ಟಮೇಲೂ ಸರಿಹೋಗದಿದ್ದರೆ ಡೇಟ್ ಕಮಾಂಡ್ ಕೊಟ್ಟು ನೋಡಿ. 'ಐಎಸ್‌ಟಿ' ಇರಬೇಕಾದ ಜಾಗದಲ್ಲಿ 'ಏಷ್ಯಾ' ಎಂದು ಬಂದಿದ್ದರೆ ಸಮಯ ವಲಯಗಳ ಪಟ್ಟಿಯಿರುವ ಟೀಜೆಡ್‌ಡೇಟಾ ಪ್ಯಾಕೇಜ್ ಇಲ್ಲ. ಜಿಲಿಬ್‌ಸಿಗೆ ಕೋಲ್ಕತಾ ಎಲ್ಲಿದೆ ಎಂದು ಗೊತ್ತಾಗದೆ, ಏಷ್ಯಾ ಅನ್ನುವುದನ್ನೇ ವಲಯದ ಹೆಸರು ಎಂದು ತಿಳಿದು, ಎರರ್ ಕೂಡ ಕೊಡದೆ ಯುಟಿಸಿಯನ್ನೇ ತೋರಿಸುತ್ತದೆ. ಉಬುಂಟು, ಆಲ್ಪೈನ್ ಎರಡರ ಬೇಸ್‌ನಲ್ಲೂ ಈ ಪ್ಯಾಕೇಜ್ ಇರುವುದಿಲ್ಲ. ಉಬುಂಟುವಿನಲ್ಲಿ ಹಾಕುವಾಗ ಅದು 'ನಿಮ್ಮ ಪ್ರದೇಶ ಯಾವುದು' ಎಂದು ಕೇಳುತ್ತಾ ಬಿಲ್ಡ್ ಅಲ್ಲೇ ನಿಲ್ಲಬಹುದು. ಡೆಬಿಯನ್ ಫ್ರಂಟೆಂಡ್ ವೇರಿಯಬಲ್‌ಗೆ ನಾನ್‌ಇಂಟರಾಕ್ಟಿವ್ ಎಂದು ಕೊಟ್ಟರೆ ಕೇಳುವುದಿಲ್ಲ. ಡೇಟಾಬೇಸಿನಲ್ಲಿ ಮಾತ್ರ ಯುಟಿಸಿಯಲ್ಲೇ ಇಡಿ, ಚೀಟಿಗೆ ಬರುವಾಗ ನಮ್ಮ ಸಮಯಕ್ಕೆ ತಿರುಗಿಸಿ.

ಉಳಿದ ಎರಡು

'ಪರ್ಮಿಷನ್ ಡಿನೈಡ್' ಬಂದರೆ ಎಲ್‌ಎಸ್‌ಗೆ ಎಲ್, ಎನ್ ಆಪ್ಷನ್ ಕೊಟ್ಟು ಫೈಲಿನ ಒಡೆಯನ ನಂಬರ್ ನೋಡಿ. ಐಡಿ ತೋರಿಸಿದ ನಂಬರಿಗೂ ಅದಕ್ಕೂ ಹೊಂದಿಕೆ ಇರಬೇಕು. ಬಹುತೇಕ ಬೇಸ್‌ಗಳಲ್ಲಿ ರೂಟ್ ಒಬ್ಬನೇ, ನಂಬರ್ 0. ಕ್ಲೌಡ್ ಸೇವೆ ಬೇರೆ ನಂಬರಿನ ಯೂಸರನ್ನು ಬಯಸುತ್ತದೆ. ಡೆವ್ ಕಂಟೇನರುಗಳಲ್ಲಿ ಸಾಮಾನ್ಯವಾಗಿ 1000, ಗಿಟ್‌ಪಾಡ್ ಎಂಬ ಕ್ಲೌಡ್ ಸೇವೆಯ ಇಮೇಜುಗಳಲ್ಲಿ 33333 ಇತ್ತು. ಗಿಟ್ 'ಡ್ಯೂಬಿಯಸ್ ಓನರ್‌ಶಿಪ್' ಎಂದರೂ ಇದೇ ಕಾರಣ. ಯೂಸರನ್ನು ಡಾಕರ್‌ಫೈಲಿನಲ್ಲೇ ಮಾಡಿ. ಎಲ್ಲದಕ್ಕೂ 777 (ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದಾದ ಪರ್ಮಿಷನ್) ಕೊಟ್ಟು ಮುಚ್ಚಿಹಾಕಬೇಡಿ.

'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬಂದರೆ ಯುನೇಮ್ ನೋಡಿ. ಹೊಸ ಮ್ಯಾಕ್ ಲ್ಯಾಪ್‌ಟಾಪಿನಲ್ಲಿ ಕಟ್ಟಿದ ಇಮೇಜ್ ಆರ್ಮ್ ಪ್ರೊಸೆಸರಿಗೆ ಆಗಿರುತ್ತದೆ, ಕ್ಲೌಡ್‌ನಲ್ಲಿ ಇರುವುದು ಎಕ್ಸ್86-64 ಆಗಿರಬಹುದು. ಬಿಲ್ಡ್ ಮಾಡುವಾಗಲೇ ಪ್ಲಾಟ್‌ಫಾರ್ಮ್ ಹೇಳಿಬಿಡಿ.

ಬೇಸ್ ಬದಲಿಸಿದ ದಿನ

ನಾವು ಕೊನೆಗೆ ಡೆಬಿಯನ್ 12ಕ್ಕೆ ಬಂದೆವು. ವರ್ಕ್‌ಸ್ಪೇಸಿಗೆ ಪೈಥಾನಿನ ಪೂರ್ತಿ ಬುಕ್‌ವರ್ಮ್ ಇಮೇಜ್, ಸರ್ವರಿಗೆ ಅದರದೇ ಸ್ಲಿಮ್. ಒಂದೇ ಡಾಕರ್‌ಫೈಲಿನಲ್ಲಿ ಎರಡು ಹಂತವಾಗಿ ಬರೆದಿದ್ದೇವೆ. ಮೇಲೆ ಹಾಕಿದ್ದು ಕನ್ನಡ ಫಾಂಟು, ಟೀಜೆಡ್‌ಡೇಟಾ, ಕ್ರೋಮಿಯಂ, 1000 ನಂಬರಿನ ಯೂಸರ್, ಲ್ಯಾಂಗ್ ಸೆಟ್ಟಿಂಗ್ ಇಷ್ಟೇ. ವರ್ಕ್‌ಸ್ಪೇಸ್ ಮೊದಲ ಸಲ ತೆರೆಯಲು ಮುಂಚಿಗಿಂತ ಹೊತ್ತು ಹಿಡಿಯುತ್ತದೆ, ಇಮೇಜ್ ದೊಡ್ಡದು ಅಲ್ವಾ. ಆದರೆ ಆ ಇಳಿಸುವಿಕೆ ನಡೆಯುವುದು ಕ್ಲೌಡ್‌ನ ಒಳಗೆ. ನಮ್ಮ ಮನೆಯ ಇಂಟರ್ನೆಟ್ ಮೇಲೆ ಹೊರೆ ಇಲ್ಲ. ಇದು ಮೊದಲೇ ಹೊಳೆದಿದ್ದರೆ ಆಲ್ಪೈನ್ ಕಡೆ ಹೋಗುತ್ತಲೇ ಇರಲಿಲ್ಲ.

ಬೇಸ್ ಬದಲಿಸುವಾಗ ಕ್ಯಾಶ್ ಇಲ್ಲದೆ ಬಿಲ್ಡ್ ಮಾಡಿ. ಹಳೆಯ ವರ್ಚುವಲ್ ಎನ್ವಿರಾನ್ಮೆಂಟ್ ಫೋಲ್ಡರನ್ನೂ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಅಳಿಸಿ. ಅವುಗಳ ಒಳಗೆ ಮಸಲ್‌ಗಾಗಿ ಕಟ್ಟಿದ ತುಂಡುಗಳು ಉಳಿದಿರುತ್ತವೆ. ನಾವು ಮೊದಲ ದಿನ ಅದನ್ನು ಅಳಿಸದೆ, ಬೇಸ್ ಬದಲಿಸಿದರೂ ಅದೇ ಎರರ್ ಯಾಕೆ ಎಂದು ಮಧ್ಯಾಹ್ನದವರೆಗೆ ಹುಡುಕಿದೆವು. ಆಮೇಲೆ ಪರೀಕ್ಷಾ ಸ್ಕ್ರಿಪ್ಟ್ ಓಡಿಸಿದೆವು. ಜಿಲಿಬ್‌ಸಿ 2.36, ಎಕ್ಸ್86-64, ಯೂಸರ್ 1000, ಐಎಸ್‌ಟಿ ಎಂದು ಒಂದೊಂದೇ ಸಾಲು ಬಂತು. ಕೊನೆಗೆ ಪಿಡಿಎಫ್. ತಿಪಟೂರಿನ ಹುಡುಗ ಅದನ್ನು ಪ್ರಿಂಟ್ ಹಾಕಿ, ಫೋಟೋ ತೆಗೆದು ಕಳಿಸಿದ. 'ಬ್ಬ'ದ ಒತ್ತು ತನ್ನ ಜಾಗದಲ್ಲಿತ್ತು, 'ರ್ತ'ದ ಅರ್ಕಾವೊತ್ತು ಪಕ್ಕದಲ್ಲಿ ಸರಿಯಾಗಿ ಕೂತಿತ್ತು.